ರಿವರ್ಸ್ ಗೇರ್ ಬಾರದ ಓಣಿ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಪಂಚಾಯ್ತಿಯ ಕಸದ ಗಾಡಿ ಆ ಓಣಿಯ ಬಾಯಲ್ಲಿ ಒಂದು ಕ್ಷಣ ನಿಂತು, ಒಳಗೆ ಹೋಗದೆ ಮುಂದಕ್ಕೆ ಹೋಯಿತು.

ಸತತ ನಾಲ್ಕನೇ ದಿನ...

ಓಣಿಯಲ್ಲಿ ಹನ್ನೊಂದು ಮನೆ. ಹನ್ನೊಂದು ಬಾಗಿಲಲ್ಲೂ ಬಕೆಟ್ ತುಂಬಿ ನಿಂತಿತ್ತು.

ಗಾಡಿ ಓಡಿಸುವವಳು ಶಶಿಕಲಾ. ಊರಿನ ಮಹಿಳಾ ಒಕ್ಕೂಟದ ಸದಸ್ಯೆ. ಮೂವತ್ತು ದಿನ ತರಬೇತಿ ಪಡೆದು, ಲೈಸೆನ್ಸ್ ಮಾಡಿಸಿಕೊಂಡು ಗಾಡಿ ಹತ್ತಿದ್ದಳು. ಜೊತೆಗೆ ಬರಬೇಕಿದ್ದ ಸಹಾಯಕಿಯನ್ನು ಪಂಚಾಯ್ತಿ ಇನ್ನೂ ನೇಮಿಸಿರಲಿಲ್ಲ.

ಹಾಗಾದರೆ ಆ ಓಣಿಯೊಂದಕ್ಕೆ ಯಾಕೆ ಹೋಗುತ್ತಿರಲಿಲ್ಲ?

ಓಣಿಯ ಕೊನೆಯಲ್ಲಿ ಗೋಡೆ. ಗಾಡಿ ತಿರುಗಿಸಲು ಜಾಗವಿಲ್ಲ. ಹೋದಷ್ಟು ದೂರವೂ ರಿವರ್ಸ್ ಬರಬೇಕು.

ಕೆಲಸಕ್ಕೆ ಸೇರಿದ ಮೂರನೇ ದಿನ ರಿವರ್ಸ್ ತೆಗೆಯುವಾಗ ಒಂದು ಮನೆಯ ಮೆಟ್ಟಿಲಿಗೆ ಗುದ್ದಿದ್ದಳು.

"ಹೆಂಗಸ್ರ ಕೈಗೆ ಗಾಡಿ ಕೊಟ್ರೆ ಇನ್ನೇನಾಯ್ತದೆ!" ಅಂತ ಯಾರೋ ನಕ್ಕರು.

ಆಗ ಓಣಿಯ ಕೊನೆ ಮನೆಯ ತ್ರಿನೇಶ ಮುಂದೆ ಬಂದ. "ಇಳೀರಿ ಮೇಡಂ, ನಾನು ತೆಗ್ದುಕೊಡ್ತೀನಿ."

ಅವಳು ಕೈ ಮುಗಿದಳು. ಅಂದಿನಿಂದ ದಿನವೂ ಅವನೇ ಗಾಡಿ ತೆಗೆದುಕೊಡುತ್ತಿದ್ದ. ಅವಳು ರಿವರ್ಸ್ ಗೇರ್ ಮುಟ್ಟುವುದನ್ನೇ ಬಿಟ್ಟಳು...

ಎರಡು ವಾರ ಕಳೆಯಿತು. "ಇಳಿಯೋದ್ಯಾಕೆ? ಸ್ವಲ್ಪ ಸರೀರಿ, ಸಾಕು" ಅಂದ. ಗೇರ್ ಹಾಕುವ ನೆಪದಲ್ಲಿ ಕೈ ತಾಗಿಸಿದ.

ಅವಳ ನಂಬರ್ ಅವನು ಕೇಳಬೇಕಾಗಿಯೇ ಇರಲಿಲ್ಲ. ಗಾಡಿಯ ಮೇಲೆ ಚಾಲಕಿಯ ಫೋನ್ ನಂಬರನ್ನು ಪಂಚಾಯ್ತಿಯವರೇ ಬರೆಸಿದ್ದರು.

ಮೊದಲು ಗುಡ್ ಮಾರ್ನಿಂಗ್ ಮೆಸೇಜ್. ಆಮೇಲೆ, "ಏಪ್ರನ್ ಒಳಗಿನ ನೀಲಿ ಚೂಡಿದಾರ ಚೆನ್ನಾಗಿತ್ತು."

ಆಮೇಲೆ ದಿನಕ್ಕೆ ಹತ್ತು, ಹದಿನೈದು...

ಅವಳು ಓಣಿಗೆ ಹೋಗುವುದನ್ನು ನಿಲ್ಲಿಸಿದಳು. ಮೆಸೇಜ್ ನಿಲ್ಲಲಿಲ್ಲ. "ಯಾಕೆ ಬರ್ಲಿಲ್ಲ? ಕಂಪ್ಲೇಂಟ್ ಕೊಡ್ಲಾ?"

ಕೊಟ್ಟೇಬಿಟ್ಟ.

ನಾಲ್ಕನೇ ದಿನ ಪಂಚಾಯ್ತಿ ಅಧಿಕಾರಿ ಪಿಡಿಒ ಕರೆಸಿದರು. "ನೋಡಮ್ಮ, ನಾಡಿದ್ದಿನೊಳಗೆ ಆ ಓಣಿ ಕಸ ಎತ್ತಬೇಕು. ಆಗಲ್ಲ ಅಂದ್ರೆ ಕೀ ಕೊಟ್ಬಿಡು, ಬೇರೆಯವರಿದ್ದಾರೆ."

ಕಾರಣ ಬಾಯಿವರೆಗೂ ಬಂತು... ಹೇಳಲಿಲ್ಲ.

ಹೇಳಿದರೆ ಊರಿಗೆ ಗೊತ್ತಾಗುತ್ತದೆ. ಊರಿಗೆ ಗೊತ್ತಾದರೆ ಮನೆಗೆ ಗೊತ್ತಾಗುತ್ತದೆ. ಮನೆಯಲ್ಲಿ ಬರುವ ಮಾತು ಒಂದೇ. "ನಾಳೆಯಿಂದ ಹೋಗಬೇಡ."

ತ್ರಿನೇಶನಿಗಿಂತ ಆ ಮಾತಿಗೆ ಅವಳು ಹೆಚ್ಚು ಹೆದರಿದ್ದಳು.

ಮನೆಯಲ್ಲಿ ಅನ್ನ ಕಲಸಿದಳು, ಬಿಟ್ಟಳು. ಫೋನ್ ನೋಡಿದಳು, ಬೋರಲು ಹಾಕಿದಳು. ಎದ್ದು ಬಾಗಿಲ ಚಿಲಕ ನೋಡಿ ಬಂದಳು. ಎರಡು ಸಲ.

ಅತ್ತೆ ಹೊನ್ನಗಂಗಮ್ಮ ನೋಡುತ್ತಲೇ ಇದ್ದರು.

"ಆ ಫೋನಿಗೇನು ಜ್ವರ ಬಂದೈತಾ? ಮಗು ಮಲಗಿಸಿದಂಗೆ ಮಲಗಿಸ್ತೀಯಲ್ಲ!"

ನಗಲು ಹೋದವಳು ಅತ್ತುಬಿಟ್ಟಳು. ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿ, ತಾನೇ ಕೀ ತೆಗೆದು ಅತ್ತೆಯ ಮುಂದಿಟ್ಟಳು.

ಅತ್ತೆ ಕೀ ಮುಟ್ಟಲಿಲ್ಲ.

"ನಾನು ಹೊಲಿಗೆ ಕ್ಲಾಸಿಗೆ ಹೋಗ್ತಿದ್ದೆ ಕಣವ್ವ... ಮದುವೆಗೆ ಮುಂಚೆ. ದಾರೀಲಿ ಒಬ್ಬ ದಿನಾ ಸೈಕಲ್ ಅಡ್ಡ ಹಾಕ್ತಿದ್ದ. ಮನೇಲಿ ಹೇಳ್ದೆ."

"ಆಮೇಲೆ?"

"ಮಾರನೇ ದಿನವೇ ನನ್ನ ಕ್ಲಾಸ್ ಬಿಡಿಸಿದ್ರು... ಅವನ ಸೈಕಲ್ ಯಾರೂ ಬಿಡಿಸಲಿಲ್ಲ."

ಅತ್ತೆ ಅನ್ನದ ತಟ್ಟೆಯನ್ನು ಸೊಸೆಯ ಹತ್ತಿರಕ್ಕೆ ಸರಿಸಿದರು.

"ಕೀ ಎತ್ಕೋ. ಮೊದಲು ಆ ಮೆಸೇಜು ಪಿಡಿಒಗೆ ತೋರಿಸು, ನಾನೂ ಬತ್ತೀನಿ. ಆಮೇಲೆ ಹಿಂದಕ್ಕೆ ಓಡಿಸೋದು ಕಲಿ."

ಪಿಡಿಒಗೆ ಮೆಸೇಜ್ ತೋರಿಸಿ ಬಂದು, ಸಂಜೆ ಪಂಚಾಯ್ತಿ ಹಿಂದಿನ ಬಯಲಿನಲ್ಲಿ ಇಬ್ಬರೂ ಎರಡು ಸಾಲು ಖಾಲಿ ಬಕೆಟ್ ಇಟ್ಟರು. ನಡುವೆ ಓಣಿಯಷ್ಟೇ ಅಗಲ. ಮೊದಲ ಸಲಕ್ಕೆ ಐದು ಬಕೆಟ್ ಉರುಳಿದವು. ಎರಡನೇ ಸಲಕ್ಕೆ ಏಳು!

"ಪರವಾಗಿಲ್ಲ, ಏರ್ತಾ ಐತೆ" ಅಂದರು ಅತ್ತೆ.

ಕತ್ತಲಾಗುವ ಹೊತ್ತಿಗೆ ಉರುಳಿದ್ದು ಒಂದು.

ಮಾರನೇ ದಿನ ಗಾಡಿ ಓಣಿಯೊಳಗೆ ಹೋಯಿತು, ಜೊತೆಗೆ ಅತ್ತೆಯೂ. ಹನ್ನೊಂದು ಮನೆಯ ಕಸ ತುಂಬಿತು. ತ್ರಿನೇಶ ಗಾಡಿಯ ಬಾಗಿಲು ತೆಗೆದು, "ಸರೀರಿ ಮೇಡಂ" ಅಂದ.

ಅವಳು ಸೀಟು ಬಿಡದೆ ಕ್ಲಚ್ ಒತ್ತಿದಳು.

"ಬೇಡ. ಕೈ ತೆಗೀರಿ. ನೀವು ಕಳಿಸಿದ್ದನ್ನೆಲ್ಲ ನಿನ್ನೆ ಪಿಡಿಒಗೆ ತೋರಿಸಿದ್ದೀನಿ. ಇವತ್ತು ಸ್ಟೇಷನ್ನಿಗೂ ಕೊಡ್ತೀನಿ."

ಬಕೆಟ್ ಹಿಡಿದು ನಿಂತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. "ಏನು ಕಳಿಸಿದ್ದು?" ಅಂತ ಒಬ್ಬಾಕೆ ಕೇಳಿದಳು. ತ್ರಿನೇಶ ಬಾಗಿಲಿನಿಂದ ಕೈ ತೆಗೆದ.

ಗಾಡಿ ಒಮ್ಮೆ ಆಫ್ ಆಯಿತು. ಮತ್ತೊಮ್ಮೆ ಆಫ್ ಆಯಿತು.

ಗಾಡಿಯ ಹಿಂದೆ ಸೆರಗು ಸಿಕ್ಕಿಸಿ ನಿಂತಿದ್ದ ಅತ್ತೆ ಕೂಗಿದರು. "ಬಾ... ಬಾ... ಇನ್ನೂ ಐತೆ ಜಾಗ, ಬಾ!"

ಎಡಗಡೆ ಮನೆಯಾಕೆ ಮೆಟ್ಟಿಲಿಳಿದಳು. "ಒಂಚೂರು ಬಲಕ್ಕೆ ಕಣಮ್ಮ!" ಎದುರು ಮನೆಯಾಕೆ, "ಈ ಕಡೆ ನಾನು ನೋಡ್ಕೋತೀನಿ, ನೀ ಬಾ!"

ಇಂಚು ಇಂಚಾಗಿ, ಗೋಡೆಗೆ ತಾಗದೆ, ಗಾಡಿ ರಸ್ತೆಗೆ ಬಂತು.

ಶಶಿಕಲಾ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಅತ್ತಳು.

ಅತ್ತೆ ಕಿಟಕಿಯ ಹತ್ತಿರ ಬಂದರು. "ಅಳು. ಆದ್ರೆ ಹ್ಯಾಂಡ್ ಬ್ರೇಕ್ ಹಾಕ್ಕೊಂಡು ಅಳವ್ವ..."

ಅವರ ಕಣ್ಣೂ ಒದ್ದೆಯಾಗಿತ್ತು.

---

ಹೆದರಿದ ಹೆಣ್ಣನ್ನು ಮನೆಯಲ್ಲಿ ಕೂರಿಸಿದರೆ, ದಾರಿ ಹೆದರಿಸಿದವನ ಪಾಲಾಗುತ್ತದೆ.

ನಿಮ್ಮ ಮನೆಯ ಹೆಣ್ಣುಮಗಳು ಇಂಥದ್ದೊಂದು ಮಾತು ಹೇಳಿದರೆ, ನೀವು ಮೊದಲು ಯಾರನ್ನು ತಡೆಯುತ್ತೀರಿ... ಅವನನ್ನೋ, ಅವಳನ್ನೋ?

---

ಶಶಿಕಲಾಳ ದೂರಿನ ಮೇಲೆ ಅದೇ ವಾರ ಪೊಲೀಸರು ತ್ರಿನೇಶನನ್ನು ಠಾಣೆಗೆ ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. ಅವನು ಈಗಲೂ ಅದೇ ಓಣಿಯಲ್ಲಿದ್ದಾನೆ. ಶಶಿಕಲಾ ದಿನವೂ ಹೋಗುತ್ತಾಳೆ, ಅವನ ಮನೆಯ ಕಸವನ್ನೂ ತರುತ್ತಾಳೆ.