ಅಜ್ಜ ಚಾಪೆ ಬದಲಿಸಿದ ದಿನ

ಜಾತಕ ತೋರಿಸಲು ಬಂದವರ ಮುಡಿಯಿಂದ ಸಂಪಿಗೆ ಘಮಿಸಿದರೆ, ಸಂತೇಬೆನ್ನೂರಿನ ಆ ಮಧ್ಯಾಹ್ನ ಈಗಲೂ ನನ್ನ ಸುತ್ತ ತೇಲಿ ಬರುತ್ತದೆ.

ಜ್ಯೋತಿಷ್ಯ ಹೇಳುತ್ತಿದ್ದ ಅಜ್ಜನ ಪಕ್ಕದಲ್ಲಿ ಕೂತು ನಾನು ನಕ್ಷತ್ರಗಳ ಹೆಸರು ಬಾಯಿಪಾಠ ಮಾಡುತ್ತಿದ್ದೆ. ನಲ್ಲೂರಿನ ತಾಯಿಯೊಬ್ಬರು ಮಗಳನ್ನು ಕರೆತಂದರು.

"ಮೂಲಾ ನಕ್ಷತ್ರದ ಹುಡುಗಿ ಬ್ಯಾಡ ಅಂತಾರ್ರೀ ಗಂಡಿನ ಕಡೆಯೋರು. ದೋಷ ಕಳ್ಯಾಕೆ ಏನು ಮಾಡ್ಬೇಕು ಹೇಳ್ರಿ."

ಅಜ್ಜ ಸ್ಲೇಟಿನ ಮೇಲೆ ಕುಂಡಲಿ ಬರೆಯತೊಡಗಿದರು. ಗಾಜಿನ ಹೆಂಚಿನಿಂದ ಇಳಿದ ಬಿಸಿಲಲ್ಲಿ ಬಳಪದ ಧೂಳು ನಿಧಾನವಾಗಿ ತೇಲುತ್ತಿತ್ತು. ಆ ಹುಡುಗಿ ಜಡೆಯ ಸಂಪಿಗೆ ತೆಗೆದು, ತಲೆ ತಗ್ಗಿಸಿ ಎಸಳು ಬಿಡಿಸುತ್ತಿದ್ದಳು. ನಾನು ಅವಳನ್ನೇ ನೋಡುತ್ತಿದ್ದೆ.

"ಅಕ್ಕಾ, ನಿಂಗೆ ಮದ್ವೆ ಆಗಾಕೆ ಇಷ್ಟ ಐತಾ?" ಎಂದುಬಿಟ್ಟೆ.

ಅವಳು ತಾಯಿಯತ್ತ ನೋಡಿದಳು. "ನಂಗೆ ಇನ್ನೂ ಓದಾಕೆ ಆಸೆ," ಎಂದಳು ಮೆಲ್ಲಗೆ.

ತಾಯಿ ಬಗ್ಗಿ, ಚೆಲ್ಲಿದ ಎಸಳುಗಳನ್ನು ಅಂಗೈಗೆ ಆಯ್ದುಕೊಂಡರು. ಅಜ್ಜ ಸ್ಲೇಟು ಒರೆಸಿದರು.

"ದೋಷ ಏನೂ ಇಲ್ಲಮ್ಮ. ಓದಿಸ್ರಿ."

ಅವರು ಹೋದ ಮೇಲೆ ಬೈಗುಳ ಬೀಳುತ್ತದೆಂದು ಕಾದೆ. ಅಜ್ಜ ಎದ್ದು, ನನ್ನ ಚಾಪೆಯನ್ನು ತಮ್ಮ ಪಕ್ಕದಿಂದ ಎಳೆದು, ಬಂದವರು ಕೂರುವ ಜಾಗಕ್ಕೆ ಎದುರಾಗಿ ಹಾಸಿದರು.

"ನನ್ನ ಸ್ಲೇಟು ನೋಡಿದ್ದು ಸಾಕು, ಪುಟ್ಟಿ. ಇನ್ಮ್ಯಾಲೆ ಬಂದೋರ ಮುಖ ಕಾಣೋ ಹಂಗೆ ಇಲ್ಲಿ ಕೂತ್ಕೊಂಡು ಕಲಿ."