ಹೊಸ ಹರವಿ

ಕಲಬುರಗಿಯ ಬಿಸಿಲಿನಲ್ಲಿ ಬಸವಂತರಾಯ ಎರಡು ಆಕ್ಸೊಲಾಟಲ್ ಸಾಕಿದ್ದ. ನಾಲ್ಕು ಕಾಲಿನ, ಮೀನಿನಂಥ ಆ ಜೋಡಿಗೆ ನೀರು ಬೆಚ್ಚಗಾದರೆ ಉಳಿಗಾಲವಿಲ್ಲ. ಹೀಗಾಗಿ ಮನೆಯ ಒಂದೇ ಫ್ಯಾನು ಒಳಕೋಣೆಯ ಗಾಜಿನ ತೊಟ್ಟಿಯ ಕಡೆ ತಿರುಗಿತ್ತು. ಫ್ರಿಜ್ಜಿನ ತುಂಬ ಆ ತೊಟ್ಟಿಗೆ ಇಳಿಸುವ ಮಂಜುಗಡ್ಡೆಯ ಬಾಟಲಿಗಳೇ. ಯಜಮಾನ ಮಾತ್ರ ನಳದ ಬಿಸಿನೀರು ಕುಡಿದು, ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತ, ಮುಂದಿನ ಜನ್ಮದಲ್ಲಿ ಈ ತೊಟ್ಟಿಯಲ್ಲೇ ಹುಟ್ಟಬೇಕು ಎಂದು ತನ್ನನ್ನು ತಾನೇ ಅಣಕಿಸಿಕೊಳ್ಳುತ್ತಿದ್ದ.

“ಮಣ್ಣಿನ ಹರವ್ಯಾಗ ನೀರು ತಣ್ಣಗಿರ್ತಾವೋ,” ಎಂದು ಅವ್ವ ಹೇಳಿದಾಗ, “ಹರವಿ ಕಾಲ ಹೋಯ್ತು ಯವ್ವಾ,” ಎಂದು ನಕ್ಕಿದ್ದ.

ಇವತ್ತು ಕೆಲಸದಿಂದ ಬಂದು ನೋಡಿದರೆ ಪಡಸಾಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಹೊಸ ಹರವಿ! ಹೆತ್ತ ಕರುಳು ಅಂದರೆ ಇದೇ ಎಂದು ಅವನ ಕಣ್ಣು ತುಂಬಿ ಬಂತು. ತಂಬಿಗೆ ಅದ್ದಿ ಗಟಗಟ ಕುಡಿದ. ಮತ್ತೊಮ್ಮೆ ಅದ್ದಿದ.

“ಯವ್ವಾ, ಅಮೃತ ಆಗ್ಯಾವ ನೋಡು ನೀರು! ನೀ ಹೇಳಿದ್ದೇ ಖರೇ. ನನ್ನ ಸಲುವಾಗಿ ಎಷ್ಟು ತ್ರಾಸ ತಗೊಂಡಿ!”

ಅಡುಗೆಮನೆಯಿಂದ ಅವ್ವ ಗಾಬರಿಯಾಗಿ ಓಡಿ ಬಂದಳು.

“ತಂಬಿಗಿ ಸಾವಕಾಶ ಅದ್ದೋ ಯಪ್ಪಾ, ನಿನ್ನ ಮೀನು ಎರಡೂ ಅದರಾಗೇ ಬಿಟ್ಟೀನಿ!”