ಹಿಂದಕ್ಕೆ ಸರಿದ ಚುಕ್ಕಿ

ಚುಕ್ಕಿ ಮತ್ತೆ ಹಿಂದಕ್ಕೆ ಹೋಯಿತು.

ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನೇ ನೋಡುತ್ತಿದ್ದರು. ಗೋಡೆಯ ಪರದೆಯಲ್ಲಿ ಊರಿನ ನಕ್ಷೆ. ನಕ್ಷೆಯ ಮೇಲೊಂದು ಕೆಂಪು ಚುಕ್ಕಿ. ಅದು ಎಡವಿದಂತೆ ಮುಂದಕ್ಕೆ ಜಿಗಿಯಿತು, ಗಕ್ಕನೆ ನಿಂತಿತು, ಮೆಲ್ಲಗೆ ಹಿಂದೆ ಸರಿಯಿತು. ಆಮೇಲೆ ಪೇಟೆಯಾಚೆಯ ಖಾಲಿ ಬಯಲನ್ನು ಗಾಣದೆತ್ತಿನ ಹಾಗೆ ಸುತ್ತತೊಡಗಿತು.

"ನಿಮ್ಮ ಡಬ್ಬಿ ಕೆಟ್ಟಿದೆ," ಎಂದರು ಮುಖ್ಯಸ್ಥರು.

ಡಬ್ಬಿ ಎಂದರೆ ನೆಟ್‌ವರ್ಕ್ ಸ್ಟೋರೇಜ್. ಕಪಾಟಿನಷ್ಟು ಎತ್ತರ, ಹೊಟ್ಟೆ ತುಂಬ ಡಿಸ್ಕುಗಳು. ಅದನ್ನು ಜೋಡಿಸಲು ಬಂದವಳಿಗೆ ಇಲ್ಲಿನವರು ಇಟ್ಟ ಹೆಸರು ಡಬ್ಬಿ ಮೇಡಂ. ಇನ್ನೊಬ್ಬರ ಕೈಕೆಳಗಿನ ಕೆಲಸ ಬಿಟ್ಟು ಅವಳು ಸ್ವಂತವಾಗಿ ಹಿಡಿದ ಮೊದಲ ಕೆಲಸ ಇದು. ಮೊದಲ ತುತ್ತಿಗೇ ಕಲ್ಲು.

ಉಪಗ್ರಹಗಳ ಸಂಕೇತ ಹಿಡಿದು ದಾರಿ ತೋರಿಸುವ ಸಾಧನಗಳನ್ನು ಅಲ್ಲಿ ಪರೀಕ್ಷಿಸುತ್ತಿದ್ದರು. ನೆತ್ತಿಯ ಮೇಲೆ ಆಂಟೆನಾ ಹೊತ್ತ ವ್ಯಾನೊಂದು ಊರು ಸುತ್ತಿ ಆ ಸಂಕೇತಗಳನ್ನು ಇದ್ದಂತೆಯೇ ಮುದ್ರಿಸಿಕೊಂಡು ಬರುತ್ತಿತ್ತು. ಪರೀಕ್ಷಾ ಯಂತ್ರ ಆ ಮುದ್ರಣವನ್ನು ಮರಳಿ ನುಡಿಸಿದರೆ, ಮೇಜಿನ ಮೇಲೆ ಸುಮ್ಮನೆ ಕೂತ ಸಾಧನ ತಾನೇ ಊರು ಸುತ್ತುತ್ತಿದ್ದೇನೆಂದು ನಂಬಿ ಪರದೆಯ ಚುಕ್ಕಿಯನ್ನು ಓಡಿಸುತ್ತಿತ್ತು. ಮುದ್ರಣಗಳೋ ಗಾತ್ರದಲ್ಲಿ ಆನೆಮರಿಗಳು. ಇಷ್ಟು ದಿನ ಪ್ರಯೋಗಾಲಯದ ಡಿಸ್ಕಿನಲ್ಲಿ ಜಾಗ ಸಾಲದೆ, ಬೇಕಾದ ತುಣುಕನ್ನಷ್ಟೇ ಕತ್ತರಿಸಿ ತಂದುಕೊಡುತ್ತಿದ್ದರು. ಕತ್ತರಿಸುವ ಆ ಕೆಲಸ, ವ್ಯಾನು ಓಡಿಸುವ ಗಾಡಿ ಮಾವನ ಕೈಯಲ್ಲಿತ್ತು. ಈಗ ಶೆಡ್ಡಿನಲ್ಲಿ ವ್ಯಾನಿಗೆ ಕೇಬಲ್ ಸಿಕ್ಕಿಸಿದರೆ ಸಾಕು, ಅದರಲ್ಲಿದ್ದ ಎಲ್ಲ ದಿನಗಳ ಪೂರ್ತಿ ಮುದ್ರಣ ತಾನಾಗಿ ಡಬ್ಬಿಗೆ ಇಳಿಯುತ್ತಿತ್ತು. ಯಂತ್ರ ಅಲ್ಲಿಂದಲೇ ಓದಿಕೊಳ್ಳುತ್ತಿತ್ತು.

ಬೆಳಗ್ಗೆ ಇದನ್ನು ಕೇಳಿ ಗಾಡಿ ಮಾವನ ಮುಖ ಸಪ್ಪಗಾಗಿತ್ತು. "ಪೂರ್ತಿ ಸೇರ್ಕೊಳ್ಳುತ್ತಾ ಮೇಡಂ?"

"ಒಂದು ಚೂರೂ ಬಿಡಲ್ಲ, ಮಾವ."

"ಸ್ವಲ್ಪ ಬಿಟ್ಟಿದ್ರೆ ಒಳ್ಳೇದಿತ್ತು," ಎಂದು ಅವರು ಹೊರಗೆ ನಡೆದಿದ್ದರು.

ಇವತ್ತು ದೋಣಿಗಳಿಗೆ ದಾರಿ ತೋರಿಸುವ ಸಾಧನ ತಯಾರಿಸುವ ಕಂಪನಿಯ ಎಂಜಿನಿಯರಮ್ಮ ಬಂದಿದ್ದರು. ಅವರು ಒಪ್ಪಿದರೆ ವರ್ಷವಿಡೀ ಕೆಲಸ. ಮುಖ್ಯಸ್ಥರು ಒಳ್ಳೆಯವರೇ, ಆದರೆ ತಮಗೆ ತಿಳಿಯದಂತೆ ಏನಾದರೂ ನಡೆದರೆ ಅವರಿಗೆ ಅನ್ನ ಸೇರುತ್ತಿರಲಿಲ್ಲ. ಚಹಾದ ಹೊತ್ತಿನಲ್ಲೂ ಅದೇ ಗೊಣಗಾಟ. ಮೊದಲೆಲ್ಲ ಎಲ್ಲಿಗೆ ಹೋಗಬೇಕಾದರೂ ತಮ್ಮನ್ನೇ ಕಾಯುತ್ತಿದ್ದ ಅಮ್ಮ ಈಗ ಕೇಳುವುದೇ ಇಲ್ಲವಂತೆ. ಮಾತಿಲ್ಲ ಕತೆಯಿಲ್ಲ, ಮೊನ್ನೆ ದೂರದ್ದು ಕಾಣುವ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾರಂತೆ. ಏನೋ ಮುನಿಸಿರಬೇಕು, ಕೇಳಿದರೆ ನಗುತ್ತಾರೆ ಎಂದು ನಿಟ್ಟುಸಿರಿಟ್ಟಿದ್ದರು.

ಡಬ್ಬಿ ಮೇಡಂ ಕೇಬಲ್ ಬಿಚ್ಚಿ ಸಿಕ್ಕಿಸಿದಳು. ಡಿಸ್ಕುಗಳನ್ನು ಒಂದೊಂದಾಗಿ ನೋಡಿದಳು. ಎಲ್ಲವೂ ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದವು. ಬೇರೆ ದಿನಗಳ ಮುದ್ರಣ ಹಾಕಿದರೂ ಮಧ್ಯಾಹ್ನದ ಹೊತ್ತಿಗೆ ಚುಕ್ಕಿ ಅದೇ ಬಯಲಿಗೆ ಹೋಗಿ ಅದೇ ಕುಣಿತ ಶುರುಮಾಡುತ್ತಿತ್ತು. ಎಂಜಿನಿಯರಮ್ಮ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕೂತರು.

ಆಗ ಪರದೆಯ ಮೂಲೆಯ ಗಡಿಯಾರದ ಮೇಲೆ ಡಬ್ಬಿ ಮೇಡಂ ಕಣ್ಣು ಬಿತ್ತು. ಉಪಗ್ರಹಗಳೇ ಕಳಿಸಿದ ಸಮಯ ಅದು. ಚುಕ್ಕಿ ಹಿಂದೆ ಸರಿದಾಗಲೂ ಗಡಿಯಾರ ಮುಂದಕ್ಕೇ ಓಡುತ್ತಿತ್ತು.

"ಡಬ್ಬಿ ತಡವರಿಸಿದ್ರೆ ಸಂಕೇತ ಕಡಿದುಹೋಗ್ಬೇಕಿತ್ತು, ಸಾರ್," ಎಂದಳು. "ಕಡಿದಿಲ್ಲ. ಹಿಂದಕ್ಕೆ ಹೋಗಿರೋದು ಗಾಡಿನೇ."

ಎಲ್ಲರೂ ಬಾಗಿಲ ಬಳಿ ನಿಂತಿದ್ದ ಗಾಡಿ ಮಾವನ ಕಡೆ ತಿರುಗಿದರು. ತಟ್ಟೆಯಲ್ಲಿ ನೀರಿಟ್ಟರೂ ತುಳುಕದಂತೆ ಓಡಿಸುವ ಮನುಷ್ಯ ಅವರು. ಅಂದರೆ ಸ್ಟಿಯರಿಂಗ್ ಬೇರೆಯವರ ಕೈಯಲ್ಲಿತ್ತು. ಎದುರಾಳಿ ಕಂಪನಿಯವರಿಗೇನಾದರೂ ಗಾಡಿ ಕೊಟ್ಟಿರಾ ಎಂದು ಮುಖ್ಯಸ್ಥರು ಕೇಳಿದರು. ಮಾವ ಕೆನ್ನೆ ಕೆನ್ನೆ ಬಡಿದುಕೊಂಡರು. ಯಾರೋ ಡ್ರೈವಿಂಗ್ ಕಲಿಯುತ್ತಿದ್ದಾರೆ, ಲರ್ನರ್ ಲೈಸೆನ್ಸ್ ಇದೆ, ಊಟದ ಬಿಡುವಿನಲ್ಲಿ ಬಯಲಿನಲ್ಲಷ್ಟೇ ಬಿಟ್ಟುಕೊಟ್ಟದ್ದು ಎಂದು ಒಪ್ಪಿಕೊಂಡರು. ಯಾರೆಂದು ಮಾತ್ರ ಹೇಳಲಿಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದರಂತೆ.

"ಹಾಗಾದ್ರೆ ಗಾಡಿ ಕೀ ಕೊಟ್ಟುಬಿಡಿ," ಎಂದರು ಮುಖ್ಯಸ್ಥರು.

ಮಾವ ಕೀಲಿಕೈಯನ್ನು ಮೇಜಿನ ಮೇಲಿಟ್ಟರು. ಡಬ್ಬಿ ಮೇಡಂ ತಲೆ ತಗ್ಗಿಸಿದಳು. ತನ್ನ ಡಬ್ಬಿಯನ್ನು ಉಳಿಸಿಕೊಳ್ಳಲು ಹೋಗಿ ಒಬ್ಬ ಹಿರಿಯರ ಕೆಲಸಕ್ಕೇ ಕುತ್ತು ತಂದಿದ್ದಳು.

"ಒಂದ್ನಿಮಿಷ," ಎಂದರು ಎಂಜಿನಿಯರಮ್ಮ, ಪರದೆಯಿಂದ ಕಣ್ಣು ತೆಗೆಯದೆ. ದಡಕ್ಕೆ ತಾಗಲು ಬರುವ ಸಣ್ಣ ದೋಣಿ ಹೀಗೇ ಆಡುತ್ತದೆ, ಮುಂದೆ ಒಂದು ಮೊಳ, ಹಿಂದೆ ಅರ್ಧ ಮೊಳ. ತಮ್ಮ ಸಾಧನ ದಿಕ್ಕು ತಪ್ಪುವುದೂ ಅಲ್ಲಿಯೇ. ನೇರ ರಸ್ತೆಯ ಮುದ್ರಣ ಎಲ್ಲರ ಹತ್ತಿರವೂ ಇದೆ, ಇಂಥದ್ದು ಎಲ್ಲೂ ಸಿಕ್ಕಿರಲಿಲ್ಲ ಎಂದರು. ಕೆಲಸ ನಿಮಗೇ, ಆದರೆ ಇಂಥ ಮುದ್ರಣ ಇನ್ನಷ್ಟು ಬೇಕು ಎಂದು ಎದ್ದು ಮುಖ್ಯಸ್ಥರ ಕೈ ಕುಲುಕಿದರು.

ಮುಖ್ಯಸ್ಥರ ಮುಖ ಊರಗಲವಾಯಿತು. ಕೀಲಿಕೈಯನ್ನು ತಾವೇ ಎತ್ತಿ ಮಾವನ ಅಂಗೈಯಲ್ಲಿಟ್ಟರು. ಡಬ್ಬಿ ಮೇಡಂ ಬಳಿ ಕ್ಷಮೆಯನ್ನೂ ಕೇಳಿದರು. ಎದೆಯ ಭಾರ ಇಳಿದು ಅವಳು ಮೊದಲ ಬಾರಿಗೆ ನಕ್ಕಳು.

"ಕ್ಲಚ್ಚನ್ನ ಇಷ್ಟು ಗೋಳು ಹುಯ್ಕೊಳ್ಳೋ ಹುಡುಗ ಎಲ್ಲಿ ಸಿಕ್ಕಿದ ಮಾವ, ನಿಮಗೆ?" ಮುಖ್ಯಸ್ಥರು ನಗುತ್ತಿದ್ದರು. "ನಾಳೆಯಿಂದ ದಿನಾ ಅವನೇ ಓಡಿಸ್ಲಿ. ಇವರೆಲ್ಲರ ಎದುರಿಗೆ ಹೇಳ್ತಿದ್ದೀನಿ, ಪಕ್ಕದಲ್ಲಿ ನಾನೇ ಕೂತ್ಕೋತೀನಿ. ಬೈಯಲ್ಲ."

"ಮಾತು ಅಂದ್ರೆ ಮಾತು ತಾನೇ ಸಾರ್?"

"ಮಾತು ಅಂದ್ರೆ ಮಾತು. ಯಾರು ಹೇಳಿ."

ಗಾಡಿ ಮಾವ ಕೀಲಿಕೈಯನ್ನು ಭದ್ರವಾಗಿ ಜೇಬಿಗಿಳಿಸಿ, ಎರಡು ಹೆಜ್ಜೆ ಬಾಗಿಲ ಕಡೆ ಸರಿದು ನಿಂತರು.

"ನಿಮ್ಮ ಅಮ್ಮ, ಸಾರ್."